ಓಟಗಾರರ ಹೃದಯ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಓಟದ ಹವ್ಯಾಸ ಮತ್ತು ಹೃದ್ರೋಗದ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಮ್ಮ ಯಜಮಾನರಿಗೆ 48 ವರ್ಷ, ಬ್ಯಾಂಕಿನಲ್ಲಿ ಅಧಿಕಾರಿ. ಕೆಲವು ವರ್ಷಗಳಿಂದ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಓಡುತ್ತಾರೆ. ಹಾಫ್ ಮ್ಯಾರಥಾನ್ ಕೂಡ ಮುಗಿಸಿದ್ದಾರೆ. ಓಟ ಹಿಡಿದ ಮೇಲೆ ಸಿಗರೇಟು ಬಿಟ್ಟರು, ತೂಕವೂ ಇಳಿಯಿತು. ನಮ್ಮ ಮಾವನವರು 49ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡವರು. ಈಚೆಗೆ ಇವರಿಗೆ ಓಟದ ಮೊದಲ ಹತ್ತು ನಿಮಿಷ ಎದೆಯ ನಡುವೆ ಉರಿ ಬರುತ್ತದೆ, ನಿಧಾನಿಸಿದರೆ ಹೋಗುತ್ತದೆ, ಆಮೇಲೆ ಎಷ್ಟು ಓಡಿದರೂ ತೊಂದರೆಯಿಲ್ಲವಂತೆ. ಗ್ಯಾಸ್ ಎಂದು ಮಾತ್ರೆ ನುಂಗುತ್ತಾರೆ. ತಪಾಸಣೆಗೆ ಬನ್ನಿ ಎಂದರೆ ‘21 ಕಿಲೋಮೀಟರ್ ಓಡುವವನಿಗೆ ಎಂಥ ಹೃದ್ರೋಗ’ ಎಂದು ನಗುತ್ತಾರೆ. ನಾನು ಅತಿಯಾಗಿ ಹೆದರುತ್ತಿದ್ದೇನೆಯೇ?
— ಗೃಹಿಣಿ, ಮೈಸೂರು

ಉತ್ತರ: ನಿಮ್ಮ ಹೆದರಿಕೆ ಅತಿಯಾದದ್ದಲ್ಲ. ಉಳಿದ ಮಾತಿಗೆ ಮುನ್ನ ಆಗಬೇಕಾದ ಕೆಲಸವನ್ನು ಹೇಳಿಬಿಡುತ್ತೇನೆ. ನಿಮ್ಮ ಯಜಮಾನರು ನಾಳೆ ಬೆಳಿಗ್ಗೆ ಓಡಬಾರದು. ಒಂದೆರಡು ದಿನಗಳಲ್ಲೇ ಹೃದ್ರೋಗ ತಜ್ಞರನ್ನು ಕಾಣಬೇಕು. ಉರಿಯು ಸುಮ್ಮನೆ ಕುಳಿತಿರುವಾಗಲೂ ಬಂದರೆ, ಬಂದದ್ದು ಕೆಲವು ನಿಮಿಷಗಳಲ್ಲಿ ಇಳಿಯದಿದ್ದರೆ, ಅಥವಾ ಅದರೊಂದಿಗೆ ಬೆವರು, ಏದುಸಿರು, ಎಡತೋಳಿನ ಇಲ್ಲವೇ ದವಡೆಯ ನೋವು ಕಾಣಿಸಿಕೊಂಡರೆ, ಯಾರ ಒಪ್ಪಿಗೆಗೂ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಹೊಟ್ಟೆಯ ಆಮ್ಲದಿಂದ ಬರುವ ಉರಿಗೂ ಹೃದಯದಿಂದ ಬರುವ ಉರಿಗೂ ಜಾಗ ಒಂದೇ ಆಗಿರಬಹುದು, ಆದರೆ ನಡವಳಿಕೆ ಬೇರೆ. ಆಮ್ಲದ ಉರಿ ಸಾಮಾನ್ಯವಾಗಿ ಊಟದ ನಂತರ, ಮಲಗಿದಾಗ, ಬಗ್ಗಿದಾಗ ಹೆಚ್ಚುತ್ತದೆ. ಶ್ರಮ ಪಟ್ಟಾಗ ಬಂದು, ಶ್ರಮ ನಿಲ್ಲಿಸಿದೊಡನೆ ಹೋಗುವ ಉರಿ, ಬಿಗಿತ ಅಥವಾ ಭಾರವನ್ನು, ಬೇರೆ ಎಂದು ಸಾಬೀತಾಗುವವರೆಗೆ, ನಾವು ಹೃದಯದ ರಕ್ತದ ಕೊರತೆಯೆಂದೇ ಎಣಿಸುತ್ತೇವೆ. ‘ಆಮೇಲೆ ತೊಂದರೆಯಿಲ್ಲ’ ಎಂಬ ಮಾತಿನಿಂದ ಅವರಿಗೆ ಸಿಕ್ಕಿರುವ ಸಮಾಧಾನವೂ ಸರಿಯಲ್ಲ. ಮೊದಲ ಕೆಲವು ನಿಮಿಷ ನೋವು ಬಂದು, ದೇಹ ಬಿಸಿಯಾದ ಮೇಲೆ ಅದು ಮರೆಯಾಗುವುದು ಹೃದಯಶೂಲೆಯ ಬಹುಕಾಲದಿಂದ ಗೊತ್ತಿರುವ ಒಂದು ಬಗೆ.

ನಿಮ್ಮ ಯಜಮಾನರಿಗೆ ಓದಿ ಹೇಳಲು ಒಂದು ನಿಜ ಪ್ರಸಂಗವಿದೆ. ಅಮೆರಿಕದ ಜಿಮ್ ಫಿಕ್ಸ್ ಎಂಬುವರು 1967ರಲ್ಲಿ, ತಮ್ಮ 35ನೇ ವಯಸ್ಸಿನಲ್ಲಿ ಓಡಲಾರಂಭಿಸಿದರು. ಆಗ ಅವರದು ಸ್ಥೂಲಕಾಯ, ದಿನಕ್ಕೆ ಎರಡು ಪ್ಯಾಕ್ ಸಿಗರೇಟು. ಅವರ ತಂದೆಗೆ 35ರಲ್ಲಿ ಮೊದಲ ಹೃದಯಾಘಾತವಾಗಿ 43ರಲ್ಲಿ ತೀರಿಕೊಂಡಿದ್ದರು. ಫಿಕ್ಸ್ ತೂಕ ಇಳಿಸಿದರು, ಸಿಗರೇಟು ಬಿಟ್ಟರು, ಮ್ಯಾರಥಾನ್‌ಗಳನ್ನು ಓಡಿದರು. 1977ರಲ್ಲಿ ಅವರು ಓಟದ ಬಗ್ಗೆ ಬರೆದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗಿ ಆ ದೇಶದಲ್ಲಿ ಓಟದ ಅಲೆಯನ್ನೇ ಎಬ್ಬಿಸಿತು. ಡಲ್ಲಾಸ್‌ನಲ್ಲಿ ಡಾ. ಕೆನೆತ್ ಕೂಪರ್ ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ಹೋಗಿದ್ದಾಗ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳುವಂತೆ ಹೇಳಿದರೂ ಅವರು ಒಪ್ಪಲಿಲ್ಲ. 1984ರ ಜುಲೈ 20ರಂದು ವರ್ಮಾಂಟ್ ರಾಜ್ಯದ ಹಾರ್ಡ್‌ವಿಕ್ ಎಂಬ ಊರಿನಲ್ಲಿ, ನಿತ್ಯದ ಓಟದ ವೇಳೆ ರಸ್ತೆ ಬದಿಯಲ್ಲಿ ಬಿದ್ದು ತೀರಿಕೊಂಡರು. ಅವರಿಗೆ 52 ವರ್ಷವಾಗಿತ್ತು. ಶವಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ತೀವ್ರವಾಗಿ ಕಿರಿದಾಗಿದ್ದುದು ಕಂಡುಬಂತು. ಒಂದಂತೂ ಬಹುಮಟ್ಟಿಗೆ ಮುಚ್ಚಿಹೋಗಿತ್ತು.

ಓಟದಿಂದಲೇ ಸತ್ತರು ಎಂದು ಅಂದು ಹಲವರು ಆಡಿಕೊಂಡರು. ಹಾಗೆನ್ನುವುದು ಅನ್ಯಾಯ, ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದ ಮಗನಿಗೆ ಓಟ ಒಂದಿಷ್ಟು ಆಯುಷ್ಯ ಕೊಟ್ಟಿರಲೂಬಹುದು. ಆದರೆ ಓಟ ಅವರ ರಕ್ತನಾಳಗಳನ್ನು ತೊಳೆದು ಶುದ್ಧ ಮಾಡಿರಲಿಲ್ಲ. ಮ್ಯಾರಥಾನ್ ಓಡುವವರಿಗೆ ರಕ್ತನಾಳಗಳ ಕೊಬ್ಬಿನ ಕಾಯಿಲೆ ಬರುವುದೇ ಇಲ್ಲ ಎಂದು 1970ರ ದಶಕದಲ್ಲಿ ವೈದ್ಯರೊಬ್ಬರು ಬಲವಾಗಿ ವಾದಿಸುತ್ತಿದ್ದರು. ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ ಮತ್ತು ಸಂಗಡಿಗರು, ಮ್ಯಾರಥಾನ್ ಓಟಗಾರರ ಶವಪರೀಕ್ಷೆಗಳಲ್ಲೇ ಆ ಕಾಯಿಲೆಯನ್ನು ತೋರಿಸಿ, 1979ರಲ್ಲಿ ಆ ವಾದವನ್ನು ಸುಳ್ಳಾಗಿಸಿದರು. ಫಿಕ್ಸ್ ಸತ್ತದ್ದು ಅದಾಗಿ ಐದು ವರ್ಷಕ್ಕೆ. ಜನರ ನಂಬಿಕೆ ಆಗಲೂ ಹಾಗೇ ಇತ್ತು, ನಿಮ್ಮ ಯಜಮಾನರ ನಗುವನ್ನು ನೋಡಿದರೆ ಈಗಲೂ ಇದೆ.

ಓಡುವ ತಾಕತ್ತು ಸ್ನಾಯುಗಳಿಂದ, ಶ್ವಾಸಕೋಶದಿಂದ, ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ತಳ್ಳಬಲ್ಲುದು ಎಂಬುದರಿಂದ ಬರುತ್ತದೆ. ಇವೆಲ್ಲವೂ ಅಭ್ಯಾಸದಿಂದ ಸುಧಾರಿಸುತ್ತವೆ. ಆ ಹೃದಯಕ್ಕೇ ರಕ್ತ ಒಯ್ಯುವ ನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ಳುವುದು ವಂಶ, ಕೊಲೆಸ್ಟರಾಲ್, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮತ್ತು ಹಿಂದೆ ಸೇದಿದ ಸಿಗರೇಟುಗಳಿಂದ. ಎರಡೂ ಒಂದೇ ದೇಹದಲ್ಲಿ ಅಕ್ಕಪಕ್ಕ ಇರಬಲ್ಲವು. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರ ಒಳಗೆ ಹೃದ್ರೋಗ ಬಂದಿದ್ದರೆ ಅದು ಗಂಭೀರವಾಗಿ ಪರಿಗಣಿಸಬೇಕಾದ ಕುಟುಂಬ ಇತಿಹಾಸ; ನಿಮ್ಮ ಮಾವನವರದು ಅದೇ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರೂ ಭಾಗಿಯಾಗಿದ್ದ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಮಧ್ಯಕ ವಯಸ್ಸು 53. ಉಳಿದ ದೇಶಗಳವರಲ್ಲಿ ಅದು ಸುಮಾರು 59. ಈ ಲೆಕ್ಕದಲ್ಲಿ 48 ಎಂಬುದು ಎಳೆಯ ವಯಸ್ಸಲ್ಲ.

ಚಿಕಿತ್ಸೆಯ ನಂತರ ಅವರು ಮತ್ತೆ ಓಡಲಾರರು ಎಂಬ ಭಯ ಇಬ್ಬರಿಗೂ ಬೇಡ. ಸ್ಟೆಂಟ್ ಅಥವಾ ಬೈಪಾಸ್ ಆದ ಎಷ್ಟೋ ಮಂದಿ, ವೈದ್ಯರ ನಿಗಾದಲ್ಲಿ ಹಂತಹಂತವಾಗಿ, ಓಟಕ್ಕೆ ಮರಳುತ್ತಾರೆ. ಅವರು ಹೊರಡಲು ಹಿಂದೇಟು ಹಾಕುತ್ತಿರುವುದಕ್ಕೆ ಬಹುಶಃ ಈ ಭಯವೇ ಕಾರಣವಿರಬಹುದು. ಗದರಿಸುವ ಬದಲು ಆ ದಾರಿಯಲ್ಲಿ ಮಾತು ತೆಗೆದು ನೋಡಿ.

ಪ್ರಶ್ನೆ: ನನಗೆ 43. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯದ ತೊಂದರೆಯಿಂದ ತೀರಿಕೊಂಡ ಮೇಲೆ ನಾನು ವರ್ಷಕ್ಕೊಮ್ಮೆ ಇಸಿಜಿ, ಎಕೋ, ಟಿಎಂಟಿ (ಟ್ರೆಡ್‌ಮಿಲ್ ಪರೀಕ್ಷೆ) ಮಾಡಿಸುತ್ತೇನೆ, ಎಲ್ಲವೂ ನಾರ್ಮಲ್. ಆದರೆ ನಮ್ಮ ಓಟದ ಗುಂಪಿನಲ್ಲಿ ಟಿಎಂಟಿ ನಾರ್ಮಲ್ ಇದ್ದ ಗೆಳೆಯರೊಬ್ಬರಿಗೆ ಕೆಲವೇ ತಿಂಗಳಲ್ಲಿ ಹೃದಯಾಘಾತವಾಯಿತು. ಹಾಗಾದರೆ ಈ ಪರೀಕ್ಷೆಗಳಿಂದ ಏನು ಪ್ರಯೋಜನ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಪುನೀತ್ ಅವರು ಹೋದ ನಂತರದ ದಿನಗಳಲ್ಲಿ ರಾಜ್ಯದ ಹೃದ್ರೋಗ ಆಸ್ಪತ್ರೆಗಳ ಮುಂದೆ ಎಳೆಯರ ಸಾಲು ಬೆಳೆದದ್ದು ನೆನಪಿದೆ, 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳಲ್ಲೂ ಅದೇ ಆಯಿತು. ಭಯ ಬಂದಾಗ ಒಂದು ಇಸಿಜಿ ಮಾಡಿಸಿ ಅದನ್ನು ವರ್ಷಪೂರ್ತಿ ಜೇಬಿನಲ್ಲಿಟ್ಟುಕೊಂಡು ಓಡಾಡುವುದರಲ್ಲಿ ಅರ್ಥವಿಲ್ಲ. ಮಲಗಿದ ಸ್ಥಿತಿಯ ಇಸಿಜಿ ಆ ಹೊತ್ತಿನ ವಿದ್ಯುತ್ ಚಲನೆಯನ್ನು ತೋರಿಸುತ್ತದೆ. ಎಕೋ ಹೃದಯದ ಸ್ನಾಯು ಮತ್ತು ಕವಾಟಗಳನ್ನು ತೋರಿಸುತ್ತದೆ. ರಕ್ತನಾಳದ ಒಳಗಿನ ಕೊಬ್ಬನ್ನು ಇವೆರಡೂ ತೋರಿಸುವುದಿಲ್ಲ.

ಟಿಎಂಟಿ ಹುಡುಕುವುದು ಶ್ರಮದ ವೇಳೆ ರಕ್ತದ ಹರಿವು ಕಡಿಮೆ ಬೀಳುತ್ತದೆಯೇ ಎಂಬುದನ್ನು. ನಾಳ ಸುಮಾರು ಮುಕ್ಕಾಲು ಪಾಲು ಕಿರಿದಾದ ಮೇಲೆ ಅದು ಚೆನ್ನಾಗಿ ಗುರುತಿಸುತ್ತದೆ. ಆದರೆ ಅನೇಕ ಹೃದಯಾಘಾತಗಳು ಅಷ್ಟೇನೂ ಕಿರಿದಾಗಿರದ ಜಾಗದಲ್ಲೇ ಸಂಭವಿಸುತ್ತವೆ. ಕೊಬ್ಬಿನ ಗಡ್ಡೆಯ ಮೇಲಿನ ತೆಳು ಪೊರೆ ಹರಿಯುತ್ತದೆ, ಒಳಗಿನ ವಸ್ತು ರಕ್ತಕ್ಕೆ ತಾಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ನಿನ್ನೆವರೆಗೆ ಅರ್ಧ ತೆರೆದಿದ್ದ ನಾಳ ನಿಮಿಷಗಳಲ್ಲಿ ಪೂರ್ತಿ ಮುಚ್ಚುತ್ತದೆ. ಹರಿವಿಗೆ ಅಡ್ಡಿಯೇ ಮಾಡದ ಇಂಥ ಗಡ್ಡೆ ನಿಮ್ಮ ಗೆಳೆಯರ ಟಿಎಂಟಿಯಲ್ಲಿ ಕಾಣದೇ ಇದ್ದಿರಬಹುದು. ಆ ವರದಿ ಸುಳ್ಳಾಗಿರಬೇಕಾಗಿಲ್ಲ, ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆ.

ನಿಮ್ಮ ವಯಸ್ಸಿನವರಲ್ಲಿ, ಯಾವ ಲಕ್ಷಣವೂ ಇಲ್ಲದಾಗ, ಹೆಚ್ಚು ಹೇಳುವುದು ಅಗ್ಗದ ಪರೀಕ್ಷೆಗಳೇ. ರಕ್ತದೊತ್ತಡ, ಎಲ್‌ಡಿಎಲ್ ಕೊಲೆಸ್ಟರಾಲ್, ಮೂರು ತಿಂಗಳ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ, ಸೊಂಟದ ಸುತ್ತಳತೆ (ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು), ಜೊತೆಗೆ ಜೀವಮಾನದಲ್ಲಿ ಒಂದು ಬಾರಿ ಲಿಪೊಪ್ರೋಟೀನ್-ಎ. ಈ ಕೊನೆಯದು ಬಹುಮಟ್ಟಿಗೆ ವಂಶದಿಂದ ಬರುವಂಥದ್ದು. ಓಟದಿಂದಾಗಲೀ ಪಥ್ಯದಿಂದಾಗಲೀ ಹೆಚ್ಚು ಬದಲಾಗದು. ಡೆಸಿಲೀಟರ್‌ಗೆ 50 ಮಿಲಿಗ್ರಾಂ ಮೀರಿದ್ದರೆ ಉಳಿದೆಲ್ಲವನ್ನೂ ಇನ್ನಷ್ಟು ಬಿಗಿಯಾಗಿ ಹತೋಟಿಯಲ್ಲಿಡಬೇಕಾಗುತ್ತದೆ. ಇಷ್ಟಾದ ಮೇಲೂ ಔಷಧಿ ಬೇಕೇ ಬೇಡವೇ ಎಂಬ ಸಂದೇಹ ಉಳಿದರೆ ಸಿ.ಟಿ. ಯಂತ್ರದಲ್ಲಿ ಕ್ಯಾಲ್ಸಿಯಂ ಸ್ಕೋರ್ (ಹೃದಯದ ರಕ್ತನಾಳಗಳಲ್ಲಿ ಸುಣ್ಣಗಟ್ಟಿದ್ದರ ಅಳತೆ) ನೋಡಬಹುದು. ಆಸ್ಪತ್ರೆಗಳು ಹಬ್ಬದ ರಿಯಾಯಿತಿಯಲ್ಲಿ ಮಾರುವ ಇಡೀ ದೇಹದ ಪ್ಯಾಕೇಜುಗಳಲ್ಲಿ ಎಷ್ಟೋ ಬಾರಿ ಬೇಡದ್ದೆಲ್ಲ ಇರುತ್ತದೆ, ಲಿಪೊಪ್ರೋಟೀನ್-ಎ ಇರುವುದಿಲ್ಲ ಎಂಬುದನ್ನೂ ಗಮನಿಸಿ.

ಓಟದ ಅಪಾಯದ ಪ್ರಮಾಣವನ್ನೂ ತಿಳಿದುಕೊಳ್ಳುವುದು ಒಳ್ಳೆಯದು. ಅಮೆರಿಕದ ಪುರುಷ ವೈದ್ಯರನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಠಿಣ ವ್ಯಾಯಾಮದ ಸುಮಾರು 15 ಲಕ್ಷ ಸರದಿಗಳಿಗೆ ಒಂದು ಹಠಾತ್ ಸಾವು ಸಂಭವಿಸಿತ್ತು. ಆದರೆ ವ್ಯಾಯಾಮದ ವೇಳೆ ಮತ್ತು ನಂತರದ ಅರ್ಧ ಗಂಟೆಯಲ್ಲಿ ಅಪಾಯ ಉಳಿದ ಸಮಯಕ್ಕಿಂತ ಸುಮಾರು 17 ಪಟ್ಟು ಹೆಚ್ಚಿತ್ತು. ಈ ಏರಿಕೆ ಎಲ್ಲರಿಗೂ ಸಮನಲ್ಲ. 1993ರ ಇನ್ನೊಂದು ಅಧ್ಯಯನದಲ್ಲಿ, ಎಂದೂ ಮೈ ಬಗ್ಗಿಸದೆ ಒಮ್ಮೆಲೇ ಶ್ರಮಕ್ಕಿಳಿದವರಿಗೆ ಹೃದಯಾಘಾತದ ಅಪಾಯ ಆ ಹೊತ್ತಿನಲ್ಲಿ ನೂರು ಪಟ್ಟಿಗೂ ಹೆಚ್ಚಾಗಿದ್ದರೆ, ವಾರಕ್ಕೆ ಐದು ಅಥವಾ ಹೆಚ್ಚು ದಿನ ವ್ಯಾಯಾಮ ಮಾಡುವವರಿಗೆ ಎರಡೂವರೆ ಪಟ್ಟಿನಷ್ಟೂ ಇರಲಿಲ್ಲ. ಐದು ದಿನ ಕುರ್ಚಿಯಲ್ಲಿ ಕುಳಿತು, ಕಚೇರಿಯ ಸ್ಪರ್ಧೆಯ ಹೆಸರಿನಲ್ಲಿ ಭಾನುವಾರ ದಿಢೀರನೆ ಹತ್ತು ಕಿಲೋಮೀಟರ್‌ಗೆ ನಿಲ್ಲುವವರ ಬಗ್ಗೆ ನನಗೆ ನಿಮಗಿಂತ ಹೆಚ್ಚು ಆತಂಕವಿದೆ. ಮೊದಲ ಪತ್ರದ ಉತ್ತರದಲ್ಲಿ ಹೆಸರಿಸಿದ ಕೂಪರ್ ಚಿಕಿತ್ಸಾಲಯದ 55 ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳಿಂದ 2014ರಲ್ಲಿ ಹೊರಬಂದ ವರದಿಯಲ್ಲಿ, ಓಡುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಸಾವು ಶೇಕಡ 45ರಷ್ಟು ಕಡಿಮೆಯಿತ್ತು. ದಿನಕ್ಕೆ ಐದರಿಂದ ಹತ್ತು ನಿಮಿಷದ ನಿಧಾನ ಓಟದಿಂದಲೂ ಲಾಭ ಕಂಡಿತ್ತು. ಆದ್ದರಿಂದ ಓಡಿ. ನಿಮ್ಮ ಮಾಮೂಲಿ ವೇಗದಲ್ಲೇ ಏದುಸಿರು ಬರತೊಡಗಿದರೆ, ಕಾರಣವಿಲ್ಲದೆ ಸಮಯ ನಿಧಾನವಾಗುತ್ತಾ ಹೋದರೆ, ಹಿಂದಿನ ನಾರ್ಮಲ್ ವರದಿಯನ್ನು ಪಕ್ಕಕ್ಕಿಟ್ಟು ಹೊಸದಾಗಿ ವೈದ್ಯರನ್ನು ಕಾಣಿ.

ಪ್ರಶ್ನೆ: ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆಂದು 1600 ಮೀಟರ್ ಓಟ ಅಭ್ಯಾಸ ಮಾಡುತ್ತಿದ್ದೇನೆ. ಕಳೆದ ತಿಂಗಳು ಓಡುತ್ತಿರುವಾಗಲೇ ಕಣ್ಣು ಕತ್ತಲಾಗಿ ಬಿದ್ದೆ. ಅರ್ಧ ನಿಮಿಷದಲ್ಲಿ ಎಚ್ಚರವಾಯಿತು. ಗೆಳೆಯರು ನಿಶ್ಶಕ್ತಿ ಎಂದು ಗ್ಲೂಕೋಸ್ ಕುಡಿಸಿದರು. ನನ್ನ ಸೋದರಮಾವ 31ನೇ ವಯಸ್ಸಿನಲ್ಲಿ ಹೊಲದಲ್ಲಿ ಕೆಲಸ ಮಾಡುತ್ತಾ ಕುಸಿದು ತೀರಿಕೊಂಡಿದ್ದರು. ನನಗೆ 23. ಅಭ್ಯಾಸ ಮುಂದುವರಿಸಬಹುದೇ?
— ಅಭ್ಯರ್ಥಿ, ವಿಜಯಪುರ

ಉತ್ತರ: ಸದ್ಯಕ್ಕೆ ಬೇಡ. ಓಟ ಮುಗಿಸಿ ತಟ್ಟನೆ ನಿಂತಾಗ ತಲೆ ಸುತ್ತಿ ಬೀಳುವುದು ಸಾಮಾನ್ಯ, ಬಹುಪಾಲು ನಿರಪಾಯ. ಓಡುತ್ತಿರುವಾಗಲೇ ಪ್ರಜ್ಞೆ ತಪ್ಪುವುದು ಹಾಗಲ್ಲ. ಜೊತೆಗೆ ಮನೆತನದಲ್ಲಿ ಎಳೆಯ ವಯಸ್ಸಿನ ಹಠಾತ್ ಸಾವೂ ಇದ್ದರೆ ಹೃದಯವನ್ನು ಪರೀಕ್ಷಿಸದೆ ಮೈದಾನಕ್ಕೆ ಇಳಿಯಬಾರದು.

ಮೂವತ್ತೈದರ ಒಳಗಿನವರಲ್ಲಿ ಇಂಥ ಸಾವುಗಳ ಹಿಂದೆ ಕೊಬ್ಬಿಗಿಂತ ಹೆಚ್ಚಾಗಿ ಹುಟ್ಟಿನಿಂದ ಬಂದ ದೋಷಗಳಿರುತ್ತವೆ: ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ, ವಿದ್ಯುತ್ ಚಲನೆಯ ದೋಷಗಳು, ತಪ್ಪು ಜಾಗದಿಂದ ಹೊರಟ ರಕ್ತನಾಳ. ಸ್ನಾಯು ದಪ್ಪಗಾಗುವ ಕಾಯಿಲೆ ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಹಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಕಠಿಣ ಶ್ರಮದ ನಡುವೆ ಹೃದಯದ ಲಯವೇ ಕೆಡುತ್ತದೆ. ಕ್ಯಾಮರೂನ್‌ನ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೋ 2003ರ ಜೂನ್ 26ರಂದು ಫ್ರಾನ್ಸಿನ ಲಿಯಾನ್‌ನಲ್ಲಿ ಪಂದ್ಯದ ನಡುವೆ, 28ನೇ ವಯಸ್ಸಿನಲ್ಲಿ, ಕುಸಿದು ತೀರಿಕೊಂಡದ್ದು ಇದೇ ಕಾಯಿಲೆಯಿಂದ. ಇಟಲಿಯಲ್ಲಿ 1982ರಿಂದ ಸ್ಪರ್ಧೆಗಿಳಿಯುವ ಪ್ರತಿಯೊಬ್ಬ ಕ್ರೀಡಾಪಟುವಿಗೂ ಇಸಿಜಿ ಸಹಿತ ತಪಾಸಣೆ ಕಡ್ಡಾಯವಾಗಿರುವುದು ಇಂಥವನ್ನು ಮೊದಲೇ ಹಿಡಿಯಲೆಂದು.

ನಿಮಗೆ ಬೇಕಾದ ಮೊದಲ ಎರಡು ಪರೀಕ್ಷೆಗಳೆಂದರೆ ಇಸಿಜಿ ಮತ್ತು ಎಕೋ. ಇಸಿಜಿ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಎಕೋ ಮತ್ತು ಮುಂದಿನದಕ್ಕೆ ಹೃದ್ರೋಗ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಹೋಗಿ. ಬಿದ್ದದ್ದು ಓಟದ ನಡುವೆಯೇ ಎಂಬುದನ್ನೂ ಮಾವನ ಸಾವನ್ನೂ ಮರೆಯದೆ ಹೇಳಿ, ಏಕೆಂದರೆ ಕಾಗದದ ಮೇಲಿನ ಗೆರೆಗಳಿಗಿಂತ ಈ ಎರಡು ಮಾತುಗಳು ವೈದ್ಯರಿಗೆ ಹೆಚ್ಚು ಸುಳಿವು ಕೊಡುತ್ತವೆ. ಕಾಯಿಲೆ ಕಂಡುಬಂದರೆ ನಿಮ್ಮ ತಾಯಿ ಮತ್ತು ಒಡಹುಟ್ಟಿದವರಿಗೂ ಪರೀಕ್ಷೆ ಆಗಬೇಕು. ನೌಕರಿಯ ಕನಸು ಇಟ್ಟುಕೊಂಡವನಿಗೆ ಇದನ್ನು ಹೇಳುವುದು ನನಗೂ ಕಷ್ಟ. ಆದರೆ ವರದಿ ಸರಿಯಾಗಿದ್ದರೆ ಕಳೆದುಕೊಳ್ಳುವುದು ಕೆಲವು ವಾರಗಳ ಅಭ್ಯಾಸವಷ್ಟೆ. ಅಂದಹಾಗೆ, ಜ್ವರ, ಮೈಕೈ ನೋವು ಇರುವಾಗ ‘ಬೆವರಿದರೆ ಹೋಗುತ್ತದೆ’ ಎಂದು ಓಡಬೇಡಿ. ಕೆಲವು ವೈರಾಣುಗಳು ಹೃದಯದ ಸ್ನಾಯುವಿಗೇ ಉರಿಯೂತ ತರುತ್ತವೆ, ಆ ಸ್ಥಿತಿಯಲ್ಲಿ ಓಟ ಅಪಾಯಕಾರಿ.

ಪ್ರಶ್ನೆ: 57 ವರ್ಷದ ನಾನು ಇಪ್ಪತ್ತು ವರ್ಷಗಳಿಂದ ಮ್ಯಾರಥಾನ್ ಓಡುತ್ತಿದ್ದೇನೆ. ಯಾವ ತೊಂದರೆಯೂ ಇಲ್ಲ. ಮಗಳ ಒತ್ತಾಯಕ್ಕೆ ಮಾಡಿಸಿದ ಕ್ಯಾಲ್ಸಿಯಂ ಸ್ಕೋರ್ 310 ಬಂದಿದೆ, ಎಲ್‌ಡಿಎಲ್ 138. ಓಟಗಾರರಲ್ಲಿ ಇದು ಸಹಜ ಎಂದು ಒಬ್ಬರು, ಓಡುವುದನ್ನೇ ಬಿಡಿ ಎಂದು ಇನ್ನೊಬ್ಬರು ಹೇಳುತ್ತಾರೆ.
— ನಿವೃತ್ತ ಉಪನ್ಯಾಸಕರು, ಮಂಗಳೂರು

ಉತ್ತರ: ಇಬ್ಬರ ಮಾತೂ ಅರ್ಧ ಸರಿ. ದೀರ್ಘಕಾಲ ದೂರದ ಓಟ ಓಡಿದ ಗಂಡಸರಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಕಂಡುಬರುವುದನ್ನು ಯುರೋಪಿನ ಹಲವು ಅಧ್ಯಯನಗಳು ತೋರಿಸಿವೆ; ಆ ಗಡ್ಡೆಗಳು ಗಟ್ಟಿಯಾಗಿ ಸುಣ್ಣಗಟ್ಟಿದ್ದು, ಹರಿಯುವ ಸಾಧ್ಯತೆ ಕಡಿಮೆ ಎಂಬ ವಾದವೂ ಇದೆ. ಆದರೆ ಆ ವಾದವನ್ನು ನಂಬಿಕೊಂಡು 138ರ ಎಲ್‌ಡಿಎಲ್ ಅನ್ನು ಹಾಗೇ ಬಿಡುವುದನ್ನು ನಾನು ಒಪ್ಪಲಾರೆ. 310 ಎಂದರೆ ನಿಮ್ಮ ರಕ್ತನಾಳಗಳಲ್ಲಿ ಕಾಯಿಲೆ ಇದೆ ಎಂದೇ ಅರ್ಥ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಬಗ್ಗೆ ವೈದ್ಯರೊಂದಿಗೆ ಮಾತನಾಡಿ. ಎಲ್‌ಡಿಎಲ್ 70ಕ್ಕಿಂತ ಕೆಳಗೆ ಇಳಿಯುವುದು ಒಳ್ಳೆಯ ಗುರಿ. ಒಂದು ಟಿಎಂಟಿ ಅಥವಾ ಅದಕ್ಕಿಂತ ಸೂಕ್ಷ್ಮವಾದ ಒತ್ತಡ ಪರೀಕ್ಷೆ ಆಗಲಿ. ಅಲ್ಲಿಯವರೆಗೆ ಮಾತನಾಡುತ್ತಾ ಓಡಬಲ್ಲ ವೇಗ ಸಾಕು, ಸ್ಪರ್ಧೆ ಬೇಡ. ಪರೀಕ್ಷೆ ಸರಿಯಿದ್ದರೆ ಓಟ ಬಿಡುವ ಅಗತ್ಯವಿಲ್ಲ. ಮಾತ್ರೆ ಆರಂಭಿಸಿದ ಮೇಲೆ ಮತ್ತೆ ಮತ್ತೆ ಸ್ಕೋರ್ ನೋಡಿಸಬೇಡಿ. ಸ್ಟ್ಯಾಟಿನ್ ಗಡ್ಡೆಯನ್ನು ಗಟ್ಟಿಗೊಳಿಸುವುದರಿಂದ ಅಂಕಿ ಏರಲೂಬಹುದು, ಸುಮ್ಮನೆ ಗಾಬರಿಯಾಗುತ್ತದೆ.

ಎದೆ ಬಡಿತ ತಾಳ ತಪ್ಪಿದಂತೆ ಅನ್ನಿಸಿದರೆ ಮಾತ್ರ ಅಲಕ್ಷಿಸಬೇಡಿ. ಸ್ವೀಡನ್‌ನ 90 ಕಿಲೋಮೀಟರ್ ಹಿಮಜಾರು ಸ್ಪರ್ಧೆಯಾದ ವಾಸಾಲೋಪೆಟ್‌ನಲ್ಲಿ ಹೆಚ್ಚು ಬಾರಿ ಭಾಗವಹಿಸಿದವರಲ್ಲಿ ಲಯ ತಪ್ಪುವ ತೊಂದರೆ ಹೆಚ್ಚಿದ್ದುದು ದಾಖಲಾಗಿದೆ.

ಪ್ರಶ್ನೆ: ಮ್ಯಾರಥಾನ್‌ಗೆ ಮುನ್ನ ನೋವಿನ ಮಾತ್ರೆ ತೆಗೆದುಕೊಂಡರೆ ಕಾಲುನೋವು ಬರುವುದಿಲ್ಲವೆಂದು ಗೆಳತಿಯರು ಹೇಳುತ್ತಾರೆ. ಸರಿಯೇ?
— ಶಿಕ್ಷಕಿ, ಬೆಳಗಾವಿ

ಉತ್ತರ: ಸರಿಯಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ಮಾತ್ರೆಗಳು ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ರಕ್ತದೊತ್ತಡವನ್ನೂ ಹೃದಯಾಘಾತದ ಅಪಾಯವನ್ನೂ ಹೆಚ್ಚಿಸಬಲ್ಲವು.

ಪ್ರಶ್ನೆ: ನಮ್ಮ ಸಂಘದಿಂದ ಊರಿನಲ್ಲಿ 10 ಕಿಲೋಮೀಟರ್ ಓಟ ಏರ್ಪಡಿಸುತ್ತಿದ್ದೇವೆ. ಯಾರಾದರೂ ಕುಸಿದರೆ ಏನು ಮಾಡಬೇಕು, ಮೊದಲೇ ಏನು ಸಿದ್ಧತೆ ಬೇಕು?
— ಯುವಕ ಸಂಘದ ಕಾರ್ಯದರ್ಶಿ, ಧಾರವಾಡ ಜಿಲ್ಲೆ

ಉತ್ತರ: ಈ ಪ್ರಶ್ನೆಯನ್ನು ಓಟಕ್ಕೆ ಮೊದಲೇ ಕೇಳಿದ್ದೀರಿ, ಸಂತೋಷ. ಅಮೆರಿಕದ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್‌ಗಳ ಲೆಕ್ಕ ನಿಮಗೆ ಉಪಯುಕ್ತ. 2000ದಿಂದ 2010ರವರೆಗೆ ಸುಮಾರು 1.09 ಕೋಟಿ ಓಟಗಾರರಲ್ಲಿ 59 ಮಂದಿಗೆ ಹೃದಯಸ್ತಂಭನವಾಗಿ 42 ಮಂದಿ ಸತ್ತಿದ್ದರು. 2010ರಿಂದ 2023ರವರೆಗಿನ 2.9 ಕೋಟಿಗೂ ಹೆಚ್ಚು ಓಟಗಾರರಲ್ಲಿ 176 ಮಂದಿಗೆ ಹೃದಯಸ್ತಂಭನವಾದರೂ ಸತ್ತವರು 59. ಕುಸಿಯುವವರ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಉಳಿದು, ಸಾಯುವವರ ಪ್ರಮಾಣ ಅರ್ಧಕ್ಕಿಳಿದಿದೆ. ಪಕ್ಕದಲ್ಲಿದ್ದವರು ತಕ್ಷಣ ಎದೆ ಒತ್ತುವುದು, ಎಇಡಿ ಎಂಬ ವಿದ್ಯುತ್ ಆಘಾತದ ಯಂತ್ರ ಬೇಗ ಕೈಗೆ ಸಿಗುವುದು ಇದರ ಮುಖ್ಯ ಕಾರಣಗಳು. ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್ 12ರಂದು ಕೋಪನ್‌ಹೇಗನ್‌ನ ಮೈದಾನದಲ್ಲಿ ಬಿದ್ದು ಬದುಕಿದ್ದೂ, ಮರುವರ್ಷ ಮತ್ತೆ ಫುಟ್‌ಬಾಲ್ ಆಡಿದ್ದೂ ಹೀಗೆಯೇ.

ಬಿದ್ದವರ ಭುಜ ತಟ್ಟಿ ಕರೆಯಿರಿ. ಪ್ರತಿಕ್ರಿಯೆ ಇಲ್ಲದೆ, ಉಸಿರು ನಿಂತಿದ್ದರೆ ಅಥವಾ ಮೀನು ಬಾಯಿ ತೆರೆದಂತೆ ಆಗೊಮ್ಮೆ ಈಗೊಮ್ಮೆ ಎಳೆಯುತ್ತಿದ್ದರೆ ಅದು ಹೃದಯಸ್ತಂಭನ. ಆರಂಭದಲ್ಲಿ ಕೈಕಾಲು ಸ್ವಲ್ಪ ಅದುರುವುದೂ ಉಂಟು. ನಮ್ಮಲ್ಲಿ ಆಗ ಫಿಟ್ಸ್ ಎಂದುಕೊಂಡು ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಹಾಕುವುದು ನಡೆಯುತ್ತದೆ, ಅಮೂಲ್ಯವಾದ ನಿಮಿಷಗಳು ಅದರಲ್ಲೇ ಕಳೆಯುತ್ತವೆ. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ಮಧ್ಯದ ಮೂಳೆಯ ಮೇಲೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಲಿ. ದಣಿದಾಗ ಮತ್ತೊಬ್ಬರು ಕೈ ಬದಲಿಸಲಿ. ಪ್ರಜ್ಞೆಯಿದ್ದು ಎದೆನೋವು ಎನ್ನುವವರನ್ನು ನಡೆಸಬೇಡಿ, ಕೂರಿಸಿ, ಆಂಬುಲೆನ್ಸ್‌ನಲ್ಲೇ ಕಳುಹಿಸಿ. ಪುನೀತ್ ಅವರ ಹೆಸರಿನಲ್ಲೇ ಸರ್ಕಾರ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯಡಿ ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಓಟದ ದಿನಕ್ಕೆ ಮೊದಲೇ ಕೇಳಿಟ್ಟುಕೊಳ್ಳಿ.

ಸಿದ್ಧತೆಯಲ್ಲಿ ಮುಖ್ಯವಾದದ್ದು ಸ್ವಯಂಸೇವಕರನ್ನು ನಿಲ್ಲಿಸುವ ಜಾಗ. ಕುಸಿಯುವವರು ಹೆಚ್ಚಾಗಿ ಕುಸಿಯುವುದು ಓಟದ ಕೊನೆಯ ಕಾಲು ಭಾಗದಲ್ಲಿ, ಗುರಿ ಕಂಡು ವೇಗ ಹೆಚ್ಚಿಸುವ ಹೊತ್ತಿಗೆ. ಎದೆ ಒತ್ತುವ ತರಬೇತಿ ಪಡೆದವರನ್ನು ಅಲ್ಲಿ ಹೆಚ್ಚು ಸಂಖ್ಯೆಯಲ್ಲಿ ನಿಲ್ಲಿಸಿ, ಎದೆಗೆ ಕಟ್ಟುವ ಸಂಖ್ಯೆಯ ಚೀಟಿಯ ಹಿಂಬದಿಯಲ್ಲಿ ಓಟಗಾರರ ಕಾಯಿಲೆ, ಔಷಧಿ, ಮನೆಯವರ ಫೋನ್ ನಂಬರ್ ಬರೆಸಿ, ವೇದಿಕೆಯನ್ನೂ ಶಾಮಿಯಾನವನ್ನೂ ಆಂಬುಲೆನ್ಸ್ ಹೊರಹೋಗುವ ದಾರಿಗೆ ಅಡ್ಡವಾಗದಂತೆ ಹಾಕಿಸಿ.